ಜೋಳಿಗೆ ಗಿಡದ ಹೆಳವ

ನಮ್ಮ ಸೀಮೆಯಲ್ಲಿ ಹೆಳವರೆಂದು ಒಂದು ಜನವಿದೆ. ಎತ್ತಿನ ಮೇಲೆ ಕೂತು ಊರೂರು ತಿರುಗುತ್ತಾರೆ. ನಿಮ್ಮ ಮನೆಯ ಮುಂದೆ ಬಂದು ನಿಂತು, ನಿಮ್ಮಪ್ಪ, ಅವರಪ್ಪ, ಅವರಪ್ಪನ ಅಪ್ಪ ಯಾವ ಊರಿನಿಂದ ಯಾವ ಜಗಳಕ್ಕೆ ಮನೆ ಬಿಟ್ಟು ಬಂದರು ಎಂದು ನೀವೇ ಮರೆತದ್ದನ್ನು ನಿಮಗೇ ಹಾಡಿ ಹೇಳಿ, ಒಂದು ಮೊರ ಜೋಳ ಇಸಿದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಮನುಷ್ಯರಿಗಾಯಿತು ಬಿಡಿ. ಗಿಡಗಳಿಗೂ ಅಂಥ ಒಬ್ಬ ಹೆಳವ ಇದ್ದರೆ ಹೇಗಿದ್ದೀತು? ಒಂದು ಎಲೆ ಕೈಗಿಟ್ಟರೆ ಸಾಕು, ಇದರ ತಾಯಿ ಯಾರು, ತಂದೆ ಯಾರು, ಯಾವ ಮಣ್ಣಿನಲ್ಲಿ ಮೊದಲು ಬೇರು ಬಿಟ್ಟಿತು ಎಂದೆಲ್ಲ ಒಪ್ಪಿಸುವಂಥವನು?

ಇದ್ದ. ಇನ್ನೂ ಬರದ ಒಂದು ಕಾಲದಲ್ಲಿ, ಲಿಂಗಸೂಗೂರಿನ ಆಚೆ ಸಸ್ಯಮೂಲ ಕೇಂದ್ರ ಎಂಬ ಕಟ್ಟಡದ ಎರಡನೇ ಕೋಣೆಯಲ್ಲಿ, ಬಟ್ಟೆ ಬೀರುವಿನಷ್ಟು ಎತ್ತರಕ್ಕೆ ನಿಂತಿದ್ದ. ಕಾಗದದ ಮೇಲೆ ಅವನಿಗೆ ಮೂರು ಸಾಲಿನ ಹೆಸರಿತ್ತು. ಅದನ್ನು ಹೇಳಿ ನಾಲಿಗೆ ನೋಯಿಸಿಕೊಂಡ ಎಂಜಿನಿಯರ್ ವೆಂಕೋಬ ಒಂದು ದಿನ ಸಿಟ್ಟಾಗಿ 'ಹೆಳವ' ಎಂದು ಕರೆದ. ಕರೆದದ್ದಷ್ಟೇ ಅಲ್ಲ, ತನ್ನೂರಿನ ಹೆಳವನೊಬ್ಬನ ದನಿಯನ್ನೇ ಅದಕ್ಕೆ ತುಂಬಿಸಿದ. ಕೇಂದ್ರದ ದೊಡ್ಡವರಿಗೆ ಇದು ಹಿಡಿಸಲಿಲ್ಲ, ಆದರೆ ಒಂದು ವಾರದೊಳಗೆ ಅವರೂ ಹಾಗೇ ಕರೆಯತೊಡಗಿದರು.

ಯಂತ್ರದ ಗುಟ್ಟು ದೊಡ್ಡದೇನಲ್ಲ. ಪ್ರತಿ ಜೀವವೂ ತನ್ನ ಮೈಯೊಳಗಿನ ಬರಹವನ್ನು ಮಕ್ಕಳಿಗೆ ನಕಲು ಮಾಡಿ ಕೊಡುತ್ತದೆ. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಕಾಗುಣಿತದ ತಪ್ಪು ನುಸುಳುತ್ತದೆ. ಆ ತಪ್ಪು ಮೊಮ್ಮಕ್ಕಳಿಗೂ ಹೋಗುತ್ತದೆ, ಜೊತೆಗೆ ಇನ್ನೊಂದಿಷ್ಟು ಹೊಸ ತಪ್ಪು. ಹೆಳವ ಈ ತಪ್ಪುಗಳ ಬೆನ್ನು ಹತ್ತಿ ಹಿಂದಕ್ಕೆ ಹಿಂದಕ್ಕೆ ಹೋಗಿ ಮೂಲದ ಮನೆಯ ಬಾಗಿಲು ತಟ್ಟುತ್ತಿದ್ದ.

ಅವನಿಗೆ ಎಲೆ ಉಣಿಸುವ ಕೆಲಸ ಸುಗಲಾ ಹೂಗಾರಳದು. ಮೂವತ್ತೊಂಬತ್ತು ವರ್ಷದ ವಿಜ್ಞಾನಿ, ಮದುವೆಯಾಗಿರಲಿಲ್ಲ. ಹೂ ಕಟ್ಟುವ ಮನೆತನದವಳಾದ್ದರಿಂದ ಮೂಗು ಬಲು ಚುರುಕು, ಕಣ್ಣು ಮುಚ್ಚಿ ನಿನ್ನೆಯ ಮಲ್ಲಿಗೆ ಯಾವುದು ಇವತ್ತಿನದು ಯಾವುದು ಎಂದು ಹೇಳುತ್ತಿದ್ದಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ತಮ್ಮ ಗವಿಸಿದ್ಧ. ಊರಿಗೆಲ್ಲ ಅವನು ಗವಿ. ಬಸ್‌ಸ್ಟ್ಯಾಂಡಿನೆದುರು ಹೂವಿನಂಗಡಿ, ಬಾಯಿ ಮಾತ್ರ ಸಂತೆ.

ಗವಿಗೆ ಹುಟ್ಟಿನಿಂದಲೂ ಮೂರ್ಛೆರೋಗ. ದಿನಕ್ಕೆ ನಾಲ್ಕೈದು ಸಲ ಬೀಳುತ್ತಿದ್ದ. ಯಾವ ಮಾತ್ರೆಗೂ ಬಗ್ಗದ ಆ ರೋಗ ಕೊನೆಗೆ ಬಗ್ಗಿದ್ದು 'ಜಾಲಿ' ಎಂಬ ಗಾಂಜಾ ತಳಿಯ ಎಣ್ಣೆಗೆ. ಬೆಳಿಗ್ಗೆ ನಾಲ್ಕು ಹನಿ, ಸಂಜೆ ನಾಲ್ಕು ಹನಿ, ನಾಲಿಗೆಯ ಕೆಳಗೆ. ಅಷ್ಟೇ. ಏಳು ವರ್ಷದಿಂದ ಅವನು ಒಮ್ಮೆಯೂ ಬಿದ್ದಿರಲಿಲ್ಲ. ಸೈಕಲ್ ಕಲಿತ, ಅಂಗಡಿ ಹಾಕಿದ, ಇಪ್ಪತ್ತೇಳರ ವಯಸ್ಸಿನಲ್ಲಿ ಮೊದಲ ಸಲ ಒಬ್ಬನೇ ಕೃಷ್ಣಾ ನದಿಗೆ ಹೋಗಿ ಮಿಂದು ಬಂದ. ಅವತ್ತು ಸುಗಲಾ ಬಾಗಿಲಲ್ಲಿ ಕೂತು ಅತ್ತಿದ್ದಳು.

ಜಾಲಿ ಅವನೊಬ್ಬನ ಗಿಡವೇನೂ ಆಗಿರಲಿಲ್ಲ. ಗಾಂಜಾವನ್ನು ಔಷಧಕ್ಕೆಂದು ಪರವಾನಗಿಯ ಮೇಲೆ ಬೆಳೆಯಬಹುದು ಎಂದಾದ ಮೇಲೆ ಲೋಕದ ತುಂಬ ಹೆಸರಾದ ತಳಿ ಅದು. ಕಿರಿದಾದ ಎಲೆ, ಗೆಣ್ಣಿನಲ್ಲಿ ಕುಂಕುಮದಷ್ಟು ಕೆಂಪು. ಮೂಸಿದರೆ ಮೊದಲು ಮಾಗಿದ ಮಾವಿನಹಣ್ಣು, ಹಿಂದೆಯೇ ಕುಟ್ಟಿದ ಮೆಣಸು, ಕಟ್ಟಕಡೆಗೆ ಚಿಮಣಿ ಎಣ್ಣೆಯ ಒಂದು ಎಳೆ. ನಶೆ ಏರಿಸುವ ಗುಣ ಇಲ್ಲವೆನ್ನುವಷ್ಟು ಕಡಿಮೆ, ನರಗಳನ್ನು ಸುಮ್ಮನಾಗಿಸುವ ಗುಣ ಬೇರೆಲ್ಲೂ ಇಲ್ಲದಷ್ಟು. ಆದರೆ ಲೋಕದ ಜಾಲಿಯೆಲ್ಲ ಒಂದೇ ತಾಯಿಗಿಡದ ಕೊಂಬೆ ಮುರಿದು ನೆಟ್ಟದ್ದು. ಅದೇ ಮುಳುವಾಯಿತು. ಕಣ್ಣಿಗೆ ಕಾಣದ ಒಂದು ಸೊರಗುರೋಗ ಆ ಕೊಂಬೆಗೆ ಹೊಕ್ಕಿದ್ದೇ ತಡ, ಎಲ್ಲ ದೇಶದ ಎಲ್ಲ ಜಾಲಿಯೂ ಒಟ್ಟಿಗೇ ಬಾಡತೊಡಗಿತು. ಗಿಡ ಸಾಯುವುದಿಲ್ಲ, ಅಂಟು ಬತ್ತುತ್ತದೆ. ಅಂಟಿಲ್ಲದೆ ಔಷಧವಿಲ್ಲ. ಗವಿಯ ಹನಿಗಳು ದೀಪಾವಳಿಯವರೆಗೆ ಸಾಲುವಷ್ಟು ಮಾತ್ರ ಉಳಿದಿದ್ದವು.

ಇರುವುದು ಒಂದೇ ದಾರಿ. ಜಾಲಿಯ ಅಪ್ಪ ಅವ್ವನ ಮನೆತನ ಹುಡುಕಿ, ರೋಗವಿಲ್ಲದ ಬೀಜದಿಂದ ಅದನ್ನು ಹೊಸದಾಗಿ ಹುಟ್ಟಿಸಬೇಕು.

ಸುಗಲಾ ಎಲೆ ಕೊಟ್ಟಳು. ಹೆಳವ ಮೂರು ದಿನ ಗುರುಗುಟ್ಟಿ ನಾಲ್ಕನೇ ದಿನ ಬಾಯಿಬಿಟ್ಟ.

"ಕೇಳ್ರಪ್ಪೋ ಕೇಳ್ರಿ, ಜಾಲಿ ಎಂಬಾಕಿಯ ಮನೆತನ ಕೇಳ್ರಿ! ತಂದಿ ಕಡೆಯವರು ಬಡಗಣ ಹಿಮದ ಬೆಟ್ಟದವರು, ಅವರ ಬೀಜ ಬೇಕಾದಷ್ಟು ಅದಾವ. ತಾಯಿ ಕಡೆಯವರು ಕೃಷ್ಣಾ ಭೀಮಾ ನಡುವಿನ ಎರಿಮಣ್ಣಿನವರು. ಅವರ ಕುಲ ನನ್ನ ಹೊತ್ತಿಗ್ಯಾಗ ಇಲ್ಲ. ಇನ್ನೊಂದು ಕೇಳ್ರಿ, ಗಂಡು ಹೆಣ್ಣು ಮಾಡೋ ಬರಹದಾಗ ಒಂದು ತುಣುಕು ಜಾಗಾ ಬಿಟ್ಟು ಕುಂತೈತಿ. ಯಾಕ ಅಂತ ತಿಳಿವಲ್ದು."

"ಅಲ್ಲಾ ಮೇಡಂ," ಎಂದ ವೆಂಕೋಬ, "ಲೋಕಾನೆಲ್ಲಾ ಸುತ್ತಿ ಬಂದ ಗಿಡದ ತವರುಮನಿ ನಮ್ಮ ಹಿತ್ತಲದಾಗ ಐತೇನ್ರಿ?"

ಐವತ್ತು ಅರವತ್ತು ವರ್ಷ ಹಿಂದಿನ ವಿದೇಶೀ ಬೀಜದಂಗಡಿಯೊಂದರ ಪಟ್ಟಿ ಸುಗಲಾಳ ಮುಂದಿತ್ತು. ಜಾಲಿ ಎಂಬುದು ಆಮೇಲೆ ಮೊಟಕಾದ ಹೆಸರು. ಮೊದಲ ಪಟ್ಟಿಯಲ್ಲಿ ಅದು 'ಜಾಲಿಗೇ' ಎಂದಿತ್ತು. ಇಂಗ್ಲಿಷಿನವರು ಅದನ್ನು ತಮ್ಮ ಭಾಷೆಯ ಖುಷಿಯ ಮಾತೆಂದುಕೊಂಡು ಹಿಗ್ಗಿದ್ದರು. ಸುಗಲಾ ಅದನ್ನು ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಓದಿದಳು. ಮೂರನೆಯ ಸಲಕ್ಕೆ ಕುರ್ಚಿಯಿಂದ ಎದ್ದೇಬಿಟ್ಟಳು.

"ಜೋಳಿಗೆ! ವೆಂಕೋಬ, ಇದು ಜೋಳಿಗೆ!"

ಜೋಳಿಗೆ ಹಾಕಿಕೊಂಡು ತಿರುಗುವ ಸ್ವಾಮಿಗಳ, ನಮ್ಮ ಕಡೆಯ ಮಾತಿನಲ್ಲಿ ಅಜ್ಜಂದಿರ, ಮಠಗಳನ್ನು ಅವಳು ಒಂದೊಂದಾಗಿ ಹುಡುಕಿದಳು. ಕೆಲವು ಮಠಗಳಲ್ಲಿ ಹಿಂದೆ ಭಂಗಿಸೊಪ್ಪನ್ನೇ 'ಪತ್ರಿ' ಎಂದು ಪ್ರಸಾದ ಕೊಡುತ್ತಿದ್ದರು. ಮೂರು ಮಠಗಳಲ್ಲಿ ಬರಿಗೈ. ನಾಲ್ಕನೆಯದು ಬೂದಿಗುಡ್ಡದ ಮಠ, ಹಳ್ಳದ ದಂಡೆಯಲ್ಲಿ ಎರಡು ಕೋಣೆ, ಒಂದು ಗದ್ದುಗೆ. ಅಲ್ಲಿ ದೀಪ ಹಚ್ಚಿಕೊಂಡಿದ್ದವಳು ನಿಂಬೆವ್ವ ಎಂಬ ಮುದುಕಿ. ಎಂಬತ್ತೈದು ದಾಟಿದ್ದಳು, ಕಣ್ಣಿಗೆ ಪೊರೆ ಬಂದಿತ್ತು, ದನಿ ಮಾತ್ರ ಗಂಟೆ.

ಸುಗಲಾ ಜಾಲಿಯ ಒಣಗಿದ ಮೊಗ್ಗೊಂದನ್ನು ಅವಳ ಅಂಗೈಗೆ ಇಟ್ಟಳು. ನಿಂಬೆವ್ವ ಮೂಸಿ ನಕ್ಕಳು.

"ಇದು ನಮ್ಮ ಅಜ್ಜನ ಪತ್ರಿ ಅಲ್ಲವಾ, ಅದರ ಮಮ್ಮಗಳು ಇರಬೇಕು. ನಾ ಹದಿನಾಲ್ಕು ವರ್ಷದಾಕಿ ಇದ್ದಾಗ ಒಬ್ಬ ಬಿಳೇ ಮನಷ್ಯಾ ಬಂದಿದ್ದ. ಕಾಲು ನೋಡಿದ್ರ ಕೊಕ್ಕರಿ. ಅಜ್ಜ ಪತ್ರಿ ಬೀಜ ಜೋಳಿಗ್ಯಾಗಿಂದ ತಗದು ಕೊಟ್ರು. ಅಂವ ಬೆರಳು ತೋರ್ಸಿ ಏನಿದು ಏನಿದು ಅಂದ. ಅಂವ ಬೀಜಕ್ಕ ತೋರ್ಸಿದ್ನೋ ಚೀಲಕ್ಕ ತೋರ್ಸಿದ್ನೋ, ಅಜ್ಜ ಜೋಳಿಗೆ ಅಂದ್ರು. ಅದನ್ನಽ ಬರಕೊಂಡ."

ಸುಗಲಾಳಿಗೆ ನಗು ತಡೆಯಲಾಗಲಿಲ್ಲ. ಲೋಕವೆಲ್ಲ ಐವತ್ತು ವರ್ಷ ಒಂದು ಗಿಡವನ್ನು ಚೀಲ, ಚೀಲ ಎಂದು ಕರೆದುಕೊಂಡು ಬಂದಿತ್ತು.

ತಳಿ ಉಳಿದಿದೆಯೇ? ಉಳಿದಿತ್ತು. ಬೀಜ ಹೆಚ್ಚು ವರ್ಷ ಜೀವ ಹಿಡಿಯುವುದಿಲ್ಲವೆಂದು ನಿಂಬೆವ್ವ ಪ್ರತಿ ಮಳೆಗಾಲ ತೊಗರಿಯ ಸಾಲಿನ ನಡುವೆ ನಾಲ್ಕು ಗಿಡ ಮಾಡಿ, ಬೀಜ ಹೊಸದು ಮಾಡಿ ಇಟ್ಟಿದ್ದಳು. ಕಾಯ್ದೆ ಇತ್ತೋ ಇಲ್ಲವೋ ಅವಳಿಗೆ ಲೆಕ್ಕವಿರಲಿಲ್ಲ, ಅದು ಅಜ್ಜನ ಸೇವೆ. ಈ ವರ್ಷ ಕಣ್ಣು ಕೈಕೊಟ್ಟಿದ್ದರಿಂದ ಬಿತ್ತಿರಲಿಲ್ಲ. ತೊಲೆಗೆ ತೂಗುಹಾಕಿದ್ದ ಜೋಳಿಗೆ ಇಳಿಸಿ ಎಲ್ಲವನ್ನೂ ಸುಗಲಾಳ ಕೈಗೆ ಸುರಿದಳು. ಇಪ್ಪತ್ತೊಂದು ಬೀಜ.

"ಕೇಳಿಸ್ಕೊ ಮಗಳ. ಗಿಡ ಗೇಣುದ್ದ ಆದಮ್ಯಾಗ ಹೆಣ್ಣು ಯಾವುದು ಅಂತ ಗುರುತು ಹಿಡದು, ಬೇರು ಸೈತ ಎತ್ತಿ, ಉಡಿ ತುಂಬಿ ಕಳಿಸಿಬಿಡಬೇಕು. ಗಂಡು ಒಂದಽ ಮನ್ಯಾಗ ಉಳೀಬೇಕು. ಒಂದು ಹೆಣ್ಣು ಉಳೀತಂದ್ರೂ ಪತ್ರಿ ಕೆಟ್ಟಂಗ."

ಸುಗಲಾ ಬರೆದುಕೊಳ್ಳುತ್ತಿದ್ದ ಕೈ ನಿಲ್ಲಿಸಿದಳು. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅಂಟು, ಔಷಧ ಎಲ್ಲ ಹೆಣ್ಣಿನಲ್ಲಿ. ಗಂಡು ಬರೀ ಪರಾಗದ ಧೂಳು ಉದುರಿಸುತ್ತದೆ, ಆ ಧೂಳು ಬಿದ್ದರೆ ಹೆಣ್ಣು ಬೀಜ ಕಟ್ಟಿ ಅಂಟು ಕಳೆದುಕೊಳ್ಳುತ್ತದೆ. ಕೀಳಬೇಕಾದದ್ದು ಗಂಡನ್ನು.

"ಆಯಿ, ಕೀಳೂದು ಗಂಡಲ್ಲೇನು? ಹೆಣ್ಣು ಉಳಿಸ್ಬೇಕಲ್ಲ?"

ಮುದುಕಿಗೆ ಎಲ್ಲಿತ್ತೋ ಸಿಟ್ಟು. "ಎಪ್ಪತ್ತು ವರ್ಷ ಇದೇ ಕೈಲೆ ಮಾಡೀನಿ. ನನಗ ಗಂಡು ಹೆಣ್ಣು ಕಲಸಾಕ ಬಂದಿಯೇನು?" ಆಮೇಲೆ ತಾನೇ ತಣ್ಣಗಾಗಿ ಸುಗಲಾಳ ಗದ್ದ ಹಿಡಿದು ಕೇಳಿದಳು, "ಗಂಡನ ಮನಿ ಯಾವೂರು ನಿಂದು?"

"ಇಲ್ಲ ಆಯಿ. ತಮ್ಮಗ ಆರಾಮಿಲ್ಲ, ಅವನ್ನ ನೋಡ್ಕೊಂಡು ಮನ್ಯಾಗಽ ಉಳಿದೀನಿ."

"ಹಂಗಾರ ನೀ ಗಂಡು ಬಿಡವಾ," ಎಂದಳು ನಿಂಬೆವ್ವ. ಇಬ್ಬರೂ ನಕ್ಕರು. ಸುಗಲಾ ಅದನ್ನು ಬರೆದುಕೊಳ್ಳಲಿಲ್ಲ.

ಬರೆದುಕೊಳ್ಳಬೇಕಿತ್ತು.

ಕೇಂದ್ರಕ್ಕೆ ಮರಳುವ ದಾರಿಯುದ್ದಕ್ಕೂ ಅವಳ ತಲೆ ಬೇರೆ ಕಡೆ ಓಡುತ್ತಿತ್ತು. ಗಂಡು ಹೆಣ್ಣು ಮಾಡುವ ಬರಹದಲ್ಲಿ ಒಂದು ತುಣುಕು ಜಾಗ ಬಿಟ್ಟು ಕೂತಿದೆ ಎಂದು ಹೆಳವ ಹೇಳಿರಲಿಲ್ಲವೇ? ಎಲ್ಲ ಗಾಂಜಾದಲ್ಲಿ ಔಷಧ ಹೆಣ್ಣಿನಲ್ಲಿದ್ದರೆ, ಈ ಒಂದು ಮೂಲ ಕುಲದಲ್ಲಿ ಗಂಡಿನಲ್ಲಿದ್ದರೆ? ಎಪ್ಪತ್ತು ವರ್ಷದ ಅನುಭವ ಸುಳ್ಳಾಡುತ್ತದೆಯೇ? ಇಂಥ ಯೋಚನೆ ಹೊಳೆದಾಗ ವಿಜ್ಞಾನಿಗಳಿಗೆ ಊಟ ಸೇರುವುದಿಲ್ಲ. ಜೊತೆಗೆ ಕಾಯ್ದೆಯೂ ಹಾಗೇ ಇತ್ತು: ತಳಿ ಕಾಪಾಡಿದವರು ಹೇಳಿದ ಪದ್ಧತಿಯನ್ನು ಮೊದಲ ಬೆಳೆಯಲ್ಲಿ ಅಕ್ಷರ ತಪ್ಪದೆ ಪಾಲಿಸಬೇಕು.

ಇಪ್ಪತ್ತೊಂದರಲ್ಲಿ ಹದಿನೈದು ಮೊಳೆತವು. ಗಾಜಿನ ಬೆಳಕುಕೋಣೆಯಲ್ಲಿ ಅವು ಗೇಣುದ್ದ ಬೆಳೆದವು. ಶ್ರಾವಣ ಬಂತು. ಹೂ ಕಾಣುವವರೆಗೆ ಕಾಯಬೇಕಿರಲಿಲ್ಲ, ಎಲೆಯ ಚೂರು ನೋಡಿಯೇ ಹೆಳವ ಕೂಗಿ ಹೇಳಿದ: ಗಂಡು ಆರು, ಹೆಣ್ಣು ಒಂಬತ್ತು.

ನಿಯಂತ್ರಣ ಕೋಣೆಯಲ್ಲಿ ವೆಂಕೋಬ ಗುಂಡಿಯ ಮೇಲೆ ಬೆರಳಿಟ್ಟು ಕೂತ. "ಮೇಡಂ, ಇನ್ನೊಂದ್ಸಲ ಕೇಳ್ತೀನಿ, ಬೈಬ್ಯಾಡ್ರಿ. ಉಲ್ಟಾ ಆಗಾಕತ್ತಿಲ್ಲಾ ಇದು?"

"ಆಯಿ ಹೇಳಿದ್ದು ಹೆಣ್ಣು ಅಂತನಽ. ಎರಡು ಸಲ ಕೇಳೀನಿ."

"ಅರ್ಧಾನಾದ್ರೂ ಉಳಿಸೂಣು?"

"ಒಂದು ಹೆಣ್ಣು ಉಳಿದ್ರೂ ಕೆಡ್ತೈತಿ ಅಂದಾಳ. ತಗಿ."

ಯಂತ್ರದ ಕೈ ಒಂಬತ್ತು ಸಸಿಗಳನ್ನು ಬೇರು ಸಮೇತ ನಾಜೂಕಾಗಿ ಎತ್ತಿ ತಟ್ಟೆಯಲ್ಲಿಟ್ಟು ಹೊರಗೆ ತಳ್ಳಿತು. ಹೊರಗೆ ಬಕೆಟ್ ಹಿಡಿದು ನಿಂತವಳು ಹುಲಿಗೆವ್ವ, ಕೇಂದ್ರದ ಅಂಗಳ ತೋಟ ನೋಡಿಕೊಳ್ಳುವ ಹೆಂಗಸು, ಮೂರು ಹೆಣ್ಣುಮಕ್ಕಳ ತಾಯಿ.

"ಏನ್ರಿ ಮೇಡಮ್ಮೋರೆ ಇವು?"

"ಹೆಣ್ಣು ಗಿಡ. ಬ್ಯಾಡಂತ ತಗದೀವಿ."

ಹುಲಿಗೆವ್ವ ಬಾಯಿಗೆ ಸೆರಗು ಹಚ್ಚಿದಳು. "ನಾಡದು ನಾಗರಪಂಚಮಿ! ಊರ ಹೆಣ್ಮಕ್ಕಳೆಲ್ಲಾ ತವರಿಗೆ ಬರೂ ಹೊತ್ತಿನ್ಯಾಗ ನೀವು ಹೊರಗ ಹಾಕಾಕತ್ತೀರಲ್ರಿ?"

ಸುಗಲಾ ನಕ್ಕು ತನ್ನ ಟಿಪ್ಪಣಿ ತೋರಿಸಿದಳು. "ಬರಿಗೈಲೆ ಅಲ್ಲ ಹುಲಿಗೆವ್ವ. ಉಡಿ ತುಂಬಿ ಕಳಿಸ್ಬೇಕು ಅಂತ ಬರದೈತಿ ನೋಡು."

ಅದು ಹಾಸ್ಯ. ಹುಲಿಗೆವ್ವ ನಗಲಿಲ್ಲ, ತಲೆಯಾಡಿಸಿ ಬಕೆಟ್ ಎತ್ತಿಕೊಂಡು ಹೋದಳು. ಸಂಜೆ ಕಡತ ತುಂಬುವಾಗ ಸುಗಲಾ ಅವಳನ್ನು ಕರೆದು ಸಸಿಗಳನ್ನು ಏನು ಮಾಡಿದೆಯೆಂದು ಕೇಳಿದಳು. "ಗುಂಡಿ ತೋಡಿ ಹಾಕೀನ್ರಿ," ಎಂದಳು ಹುಲಿಗೆವ್ವ. 'ಹೂಳಲಾಗಿದೆ' ಎಂದು ಬರೆದು ಸುಗಲಾ ಸಹಿ ಮಾಡಿದಳು.

ಆರು ಗಂಡುಗಳು ಸೊಂಪಾಗಿ ಬೆಳೆದವು. ಬೆಳಕು ಕಡಿಮೆ ಮಾಡಿ ಹೂವಿಗೆ ಕರೆದದ್ದಾಯಿತು. ಸುಗಲಾ ದಿನಕ್ಕೆ ಹತ್ತು ಸಲ ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ಮನೆಗೆ ಹೋದರೂ ಅದೇ ಮಾತು. ಗವಿ ಸೇವಂತಿಗೆ ಪೋಣಿಸುತ್ತ ಅಕ್ಕನನ್ನು ಛೇಡಿಸುವನು.

"ನಿನ್ನ ಗಂಡುಮಕ್ಕಳು ಏನಂತಾರ?"

"ಹೂ ಬಿಡಾಕತ್ತಾವು."

"ವಾಸನಿ?"

"ಇನ್ನೂ ಇಲ್ಲ. ಬರ್ತೈತಿ ತಡಿ."

ಬರಲಿಲ್ಲ. ದಸರೆಯ ಹೊತ್ತಿಗೆ ಹೂ ಅರಳಿ ಹಳದಿ ಧೂಳು ಉದುರಿಸಿದವು, ಅಷ್ಟೇ. ಅಂಟಿಲ್ಲ, ಮಾವಿಲ್ಲ, ಮೆಣಸಿಲ್ಲ. ಪರೀಕ್ಷೆಯಲ್ಲಿ ಔಷಧದ ಅಂಶ ಸೊನ್ನೆ. ಲೋಕದ ಎಲ್ಲ ಗಾಂಜಾದ ಗಂಡು ಗಿಡದ ಹಾಗೆ ಇವೂ ಗಂಡು ಗಿಡಗಳೇ ಆಗಿದ್ದವು. ಹೆಳವ ಹೇಳಿದ್ದ ಜಾಗ ಬಿಟ್ಟ ತುಣುಕಿಗೆ ಔಷಧದ ಸಂಬಂಧವೇ ಇರಲಿಲ್ಲ, ಅದು ಗೆಣ್ಣಿಗೆ ಕೆಂಪು ಬರಿಸುವ ತುಣುಕು. ವೆಂಕೋಬ ಪರೀಕ್ಷೆಯ ಕಾಗದವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸುಗಲಾಳಿಗೆ. ಇಪ್ಪತ್ತೊಂದೇ ಬೀಜ. ಲೋಕದಲ್ಲಿ ಉಳಿದಿದ್ದ ಒಂಬತ್ತೇ ತಾಯಂದಿರು. ತನ್ನ ಬಾಯಿಂದಲೇ ತೆಗಿ ಎಂದಿದ್ದಳು.

ಅದೇ ವಾರ ಔಷಧದಂಗಡಿಯವರು ಎಲ್ಲರಿಗೂ ಹನಿ ಅರ್ಧ ಮಾಡಿದರು. ನಾಲ್ಕು ಇದ್ದದ್ದು ಎರಡಾಯಿತು. ಶುಕ್ರವಾರ ಬೆಳಿಗ್ಗೆ ಹೂವಿನಂಗಡಿಯಲ್ಲಿ ಗವಿ ಬಿದ್ದ.

ಸುಗಲಾ ಓಡಿ ಬರುವಷ್ಟರಲ್ಲಿ ಜನ ಅವನನ್ನು ಎತ್ತಿ ಮನೆಗೆ ತಂದಿದ್ದರು. ಹಣೆ ಒಡೆದಿತ್ತು. ಏಳು ವರ್ಷದ ನಂತರ ಅವಳು ಮತ್ತೆ ಅವನ ಬಾಯಿ ಒರೆಸಿದಳು, ಅಂಗಿ ಬದಲಿಸಿದಳು. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಹೇಳಬೇಕಾಗಿರಲಿಲ್ಲ. ಮಧ್ಯಾಹ್ನ ಅವನಿಗೆ ಎಚ್ಚರವಾಯಿತು.

"ಮಲ್ಲಿಗಿ ಮಣ್ಣಾತೇನಕ್ಕ?"

"ಹಾಳಾಗ್ಲಿ ನಿನ್ನ ಮಲ್ಲಿಗಿ."

"ಅಳಬ್ಯಾಡ."

"ನಾನಽ ಮಾಡಿದ್ದು ಗವಿ. ವೆಂಕೋಬ ಬ್ಯಾಡ ಬ್ಯಾಡ ಅಂದ. ನಾ ಕೇಳಲಿಲ್ಲ. ಆ ಮುದುಕಿ ಮಾತು ಹಿಡ್ಕೊಂಡು ಹೆಣ್ಣೆಲ್ಲಾ ಕಿತ್ತಿಸಿ ಒಗದೆ."

ಗವಿ ಯಾವಾಗಲೋ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದು, ಇವತ್ತು ಹೊರಗೆ ಬಂತು.

"ನನ್ನಿಂದಾಗಿ ನೀ ಇಲ್ಲೇ ಉಳದಿ ಅಕ್ಕ. ಎಷ್ಟು ಕಡಿಂದ ಕೇಳಿ ಬಂದಿದ್ರು, ಎಲ್ಲಾ ಒಲ್ಲೆ ಅಂದಿ. ಆ ಮುದುಕಿ ನಿನಗ ಗಂಡು ಅಂದ್ಳು ಅಂತ ನಕ್ಕೋಂತ ಹೇಳಿದ್ಯಲ್ಲಾ, ನನಗ ನಗು ಬರಲಿಲ್ಲ ಅವತ್ತು. ಖರೇನ ಅಂದಾಳ. ಮನಿ ಬಿಟ್ಟು ಹೋಗಿದ್ರ ನೀ ಹೆಣ್ಣಾಗ್ತಿದ್ದಿ. ಉಳದಿ, ಅದಕ್ಕ ಗಂಡಾದಿ."

ಸುಗಲಾ ಅವನ ಹಣೆಗೆ ಅರಿಸಿನ ಮೆತ್ತುತ್ತಿದ್ದವಳು ಹಾಗೇ ನಿಂತಳು.

"ಏನಂದಿ?"

"ಉಳಿಯಾವ ಗಂಡು. ಹೋಗಾಕಿ ಹೆಣ್ಣು. ಆಕೀ ಲೆಕ್ಕ ಅಷ್ಟಽ ಅಲ್ಲೇನು?"

ಮುದುಕಿಯ ಮಾತನ್ನು ಸುಗಲಾ ಮತ್ತೆ ಅಕ್ಷರಕ್ಕಕ್ಷರ ಹೇಳಿಕೊಂಡಳು. ಬೇರು ಸಮೇತ ಎತ್ತಿ, ಉಡಿ ತುಂಬಿ, ಕಳಿಸಿಬಿಡಬೇಕು. ಒಗೆಯಬೇಕು ಎಂದು ನಿಂಬೆವ್ವ ಒಮ್ಮೆಯೂ ಹೇಳಿರಲಿಲ್ಲ. ಕಳಿಸಬೇಕು ಎಂದಿದ್ದಳು.

ಬೂದಿಗುಡ್ಡದ ಪಕ್ಕದ ಅಂಗಡಿಗೆ ಫೋನು ಹಚ್ಚಿ ನಿಂಬೆವ್ವನನ್ನು ಕರೆಸಿದಳು. ಈ ಸಲ ಹೆಣ್ಣು ಗಂಡು ಎಂಬ ಮಾತನ್ನೇ ಎತ್ತಲಿಲ್ಲ. ಕಿತ್ತ ಗಿಡ ಹೂ ಬಿಟ್ಟರೆ ಹೇಗಿರುತ್ತದೆ, ಉಳಿದ ಗಿಡದ ಹೂ ಹೇಗಿರುತ್ತದೆ ಎಂದಷ್ಟೇ ಕೇಳಿದಳು.

"ಕಳಿಸಿದ್ದು ಧೂಳು ಉದುರಸ್ತೈತಿ. ಉಳಿದದ್ದು ಮೈ ತುಂಬಿ, ಅಂಟಂಟು ಆಗಿ, ಘಮ್ ಅಂತ ನಿಂದರ್ತೈತಿ."

"ಹಂಗಾರ ಧೂಳಿಂದು ಹೆಣ್ಣು ಹೆಂಗಾತು ಆಯಿ?"

"ಅಯ್ಯ, ಇದೇನು ಕೇಳ್ತಿ! ಮನಿ ಬಿಟ್ಟು ಹೋಗೂದು ಹೆಣ್ಣಲ್ಲೇನು? ಎತ್ತಿ, ಬೇರಿಗೆ ಹಿಡಿ ತವರಿನ ಮಣ್ಣು ಕಟ್ಟಿ, ಹಳ್ಳದಾಚಿ ನಡ್ತೀವಿ. ಅದು ಗಂಡನ ಮನಿ. ಕಾರ್ತೀಕದಾಗ ಅದರ ಧೂಳು ಸೆರಗಿನ್ಯಾಗ ತಂದು ಮನ್ಯಾಗಿಂದರ ಒಂದು ಕೊಂಬಿಗೆ ಜಾಡಿಸಿದ್ರ ಮುಂದಿನ ವರ್ಷಕ್ಕ ಬೀಜ. ನೀ ಹೆಂಗ ಮಾಡಿದಿ?"

ಸುಗಲಾ ಫೋನು ಇಟ್ಟಳು. ಓದಿದವಳು ತಾನು, ಹುಟ್ಟಿದ ಸೀಮೆಯ ಮಾತು ತನ್ನದೇ, ತನ್ನ ಗದ್ದ ಹಿಡಿದು ಅರ್ಥವನ್ನೂ ಹೇಳಿಕೊಟ್ಟಿದ್ದಳು ಮುದುಕಿ. ಆ ಬಿಳೇ ಮನುಷ್ಯ ಗಿಡವನ್ನು ಚೀಲ ಎಂದು ಬರೆದುಕೊಂಡದ್ದಕ್ಕೆ ತಾನು ಹೊಟ್ಟೆ ಹಿಡಿದು ನಕ್ಕದ್ದು ನೆನಪಾಯಿತು.

ಹೂತ ಗುಂಡಿಯಲ್ಲಿ ಒಂದು ಬೇರು, ಒಂದು ಗೆಣ್ಣು, ಜೀವವಿರುವ ಒಂದು ಚೂರಾದರೂ ಸಿಕ್ಕೀತೇ? ಎರಡು ತಿಂಗಳ ಮೇಲಾಗಿತ್ತು. ಇಲ್ಲವೆಂದು ಗೊತ್ತಿದ್ದೂ ಅವಳು ಕೇಂದ್ರಕ್ಕೆ ಓಡಿದಳು. ಹುಲಿಗೆವ್ವ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದಳು.

"ಹುಲಿಗೆವ್ವ, ಅವತ್ತು ಗುಂಡಿ ಎಲ್ಲಿ ತೋಡಿದಿ? ತೋರ್ಸು."

ಹುಲಿಗೆವ್ವ ಕಸಬರಿಗೆ ಬಿಟ್ಟು ಕೈಮುಗಿದಳು. "ತಪ್ಪಾತ್ರಿ ಮೇಡಮ್ಮೋರ. ಕೆಲಸಾ ತಗೀಬ್ಯಾಡ್ರಿ."

"ಯಾಕ, ಏನಾತು?"

"ನೀವಽ ಅಂದ್ರಿ ಉಡಿ ತುಂಬಿ ಕಳಿಸು ಅಂತ."

ಅವಳು ಮುಂದೆ, ಸುಗಲಾ ಹಿಂದೆ. ಜನರೇಟರ್ ಶೆಡ್ಡು ದಾಟಿದರು, ನೀರಿನ ಟ್ಯಾಂಕು ದಾಟಿದರು. ಕೇಂದ್ರದ ಹಿಂಗೋಡೆಯ ಒಳಮಗ್ಗುಲಿಗೆ ಯಾರೂ ಕಾಲಿಡದ ಒಂದು ಮೂಲೆಯಿತ್ತು. ಅಲ್ಲಿಗೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಸುಗಲಾ ನಿಂತುಬಿಟ್ಟಳು. ಗಾಳಿ ಆ ಕಡೆಯಿಂದ ಬರುತ್ತಿತ್ತು.

ಮಾಗಿದ ಮಾವಿನಹಣ್ಣು. ಕಾರ್ತೀಕ ಹತ್ತಿರವಾದ ಈ ದಿನಗಳಲ್ಲಿ ಮಾವಿನಹಣ್ಣು! ಹಿಂದೆಯೇ ಕುಟ್ಟಿದ ಮೆಣಸು. ಅವಳು ಕಣ್ಣು ಮುಚ್ಚಿ ಕಾದಳು. ಕಟ್ಟಕಡೆಗೆ ಚಿಮಣಿ ಎಣ್ಣೆಯ ಒಂದು ಎಳೆ.

ಒಂಬತ್ತರಲ್ಲಿ ಏಳು ಬದುಕಿದ್ದವು. ಆಳೆತ್ತರ ಬೆಳೆದು, ಗೆಣ್ಣೆಲ್ಲ ಕುಂಕುಮ, ತೆನೆಯೆಲ್ಲ ಅಂಟು. ಪ್ರತಿಯೊಂದರ ಬುಡದಲ್ಲೂ ಒಂದು ಕುಬಸದ ಚೂರು, ಮಳೆಗೆ ಬಣ್ಣ ಹೋಗಿ ಮಣ್ಣಲ್ಲಿ ಮಣ್ಣಾಗಿತ್ತು. ಉಡಿ ತುಂಬಿದ್ದ ಒಣಕೊಬ್ಬರಿಯನ್ನು ಇಲಿ ತಿಂದಿರಬೇಕು, ಅಂಚಿನ ಚೂರು ಉಳಿದಿತ್ತು.

"ಗುಂಡಿ ತೋಡಿ ಹಾಕೀನಿ ಅಂದಿದ್ಯಲ್ಲ?"

"ಗುಂಡಿ ತೋಡದ ಹೆಂಗ್ ನಡೂದ್ರಿ?" ಎಂದಳು ಹುಲಿಗೆವ್ವ, ಕಣ್ಣೀರು ಒರೆಸಿಕೊಳ್ಳುತ್ತ. "ಪಂಚಮಿ ಹೊತ್ತಿನ್ಯಾಗ ಹೆಣ್ಮಕ್ಕಳ್ನ ಮಣ್ಣು ಮಾಡಂತೀರೇನು? ನನಗೂ ಮೂರು ಅದಾವು."

ಸುಗಲಾ ಅವಳನ್ನು ತಬ್ಬಿಕೊಂಡುಬಿಟ್ಟಳು. ಹುಲಿಗೆವ್ವ ಗಾಬರಿಯಾಗಿ, ಮೈಯೆಲ್ಲ ಕಸ ಐತ್ರಿ, ಕಸ ಐತ್ರಿ ಎನ್ನುತ್ತಿದ್ದಳು.

ವೆಂಕೋಬ ಓಡಿ ಬಂದ, ಎಲೆ ಕಿತ್ತುಕೊಂಡು ಓಡಿ ಹೋದ. ಹೆಳವ ಈ ಸಲ ಮೂರು ದಿನ ತೆಗೆದುಕೊಳ್ಳಲಿಲ್ಲ. "ಕೇಳ್ರಪ್ಪೋ ಕೇಳ್ರಿ! ಜಾಲಿಯ ತಾಯಿ ಮನಿ ಸಿಕ್ಕೈತಿ, ರೋಗ ಇಲ್ಲ ರುಜಿನ ಇಲ್ಲ, ತುಂಬಿದ ಮನಿ ಐತಿ!" ಕಟ್ಟಡವೆಲ್ಲ ಕೇಳುವ ಹಾಗೆ ವೆಂಕೋಬ ದನಿ ಏರಿಸಿಟ್ಟಿದ್ದ. ತಾಯಂದಿರು ಗೋಡೆಯ ಮಗ್ಗುಲಲ್ಲಿದ್ದರೆ ಪರಾಗ ಉದುರಿಸುವ ಆರು ಗಂಡುಗಳು ಗಾಜಿನೊಳಗೆ ಕ್ಷೇಮವಾಗಿದ್ದವು. ಸುಗಲಾ ಹಳದಿ ಧೂಳನ್ನು ಸೆರಗಿನಲ್ಲೇ ತಂದು ಒಂದೇ ಒಂದು ಕೊಂಬೆಗೆ ಜಾಡಿಸಿದಳು. ಬೀಜಕ್ಕೆ ಅದು, ಉಳಿದದ್ದೆಲ್ಲ ಔಷಧಕ್ಕೆ. ಕಡತದಲ್ಲಿ 'ಹೂಳಲಾಗಿದೆ' ಎಂದಿದ್ದನ್ನು ಹೊಡೆದುಹಾಕಿ 'ನೆಡಲಾಗಿದೆ' ಎಂದು ಬರೆದು, ನಡೆದದ್ದನ್ನೆಲ್ಲ ಬಿಡದೆ ದಾಖಲಿಸಿ, ತನ್ನ ತಪ್ಪಿನ ಕೆಳಗೆ ತಾನೇ ಸಹಿ ಹಾಕಿದಳು.

ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ದಿನಗಳು ಕೆಟ್ಟವು. ಗವಿ ಹನ್ನೊಂದು ಸಲ ಬಿದ್ದ. ಸಂಕ್ರಾಂತಿಯ ಮರುದಿನ ಹೊಸ ಎಣ್ಣೆಯ ಪರೀಕ್ಷೆಗಳೆಲ್ಲ ಮುಗಿದು ಮೊದಲ ಸೀಸೆ ಮನೆಗೆ ಬಂತು. ನಾಲ್ಕು ಹನಿ ನಾಲಿಗೆಯ ಕೆಳಗೆ ಬಿಟ್ಟುಕೊಂಡು ಅವನು ಮುಖ ಕಿವುಚಿದ.

"ಹಳೇದಕ್ಕಿಂತ ಖಾರ ಐತಿ."

"ಅದರ ಅವ್ವ ಅದು. ಖಾರ ಇರ್ತಾಳ."

ಅವತ್ತಿನಿಂದ ಅವನು ಬೀಳಲಿಲ್ಲ. ಸುಗಲಾ ಒಂದು ತಿಂಗಳು ಎಣಿಸಿದಳು, ಎರಡು ತಿಂಗಳು ಎಣಿಸಿದಳು, ಮೂರನೆಯ ತಿಂಗಳು ಎಣಿಸುವುದನ್ನು ಮರೆತಳು.

ಮರೆತ ತಿಂಗಳಲ್ಲೇ ಉತ್ತರದ ಹಿಮದ ಬೆಟ್ಟದ ಸಸ್ಯಕೇಂದ್ರದಿಂದ ಕರೆ ಬಂತು. ತಂದೆ ಕಡೆಯ ಗಿಡಗಳು ಅಲ್ಲಿವೆ, ತಾಯಿ ಕಡೆಯ ಬೀಜ ತಂದು ಒಂದು ವರ್ಷವಿದ್ದು ಜಾಲಿಯನ್ನು ಹೊಸದಾಗಿ ಹುಟ್ಟಿಸಿ ಕೊಡಬೇಕು ಎಂದು. ಅವಳು ಆಗುವುದಿಲ್ಲ ಎಂದು ಬರೆಯಲು ಕೂತಳು. ಗವಿ ಪೆನ್ನು ಕಿತ್ತುಕೊಂಡ.

ಹೊರಡುವ ಮುನ್ನ ಬೂದಿಗುಡ್ಡಕ್ಕೆ ಹೋಗಿ ನಿಂಬೆವ್ವನ ಜೋಳಿಗೆಗೆ ಬೀಜ ತುಂಬಿಸಿ ತೊಲೆಗೆ ಮತ್ತೆ ತೂಗುಹಾಕಿದಳು. ನಡೆದದ್ದೆಲ್ಲ ಕೇಳಿ ಮುದುಕಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಆಮೇಲೆ ತಡವರಿಸಿಕೊಂಡು ಒಳಗೆ ಹೋಗಿ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಸಿನಕೊಂಬು ತಂದಳು.

"ಸೆರಗು ಒಡ್ಡು."

"ನನಗ್ಯಾಕ ಆಯಿ? ನಾ ಗಂಡು ಅಂದಿದ್ಯಲ್ಲ."

"ಅದು ಉಳಿದಿದ್ದಾಗಿನ ಮಾತು. ಈಗ ಹೊಂಟೀದಿ."

ಬಸ್‌ಸ್ಟ್ಯಾಂಡಿನಲ್ಲಿ ಗವಿ ಅಂಗಡಿಯಿಂದಲೇ ಒಂದು ಮೊಳ ಮಲ್ಲಿಗೆ ತಂದು ಕೊಟ್ಟ. ಅವಳ ಚೀಲದಲ್ಲಿ ಪರವಾನಗಿ ಪತ್ರವಿತ್ತು, ಉಡಿಯ ಗಂಟಿನಲ್ಲಿ ಅಕ್ಕಿಯ ನಡುವೆ ಇಪ್ಪತ್ತೊಂದು ಬೀಜವಿತ್ತು. ಹನಿ ತಪ್ಪಿಸಬೇಡ, ಬಿಸಿಲಲ್ಲಿ ಸೈಕಲ್ ಹೊಡೆಯಬೇಡ ಎಂದು ಅವಳು ಹೇಳುತ್ತಲೇ ಇದ್ದಳು.

"ಹೋಗ ಮಾರಾಯ್ತಿ," ಎಂದ ಗವಿ. "ಇನ್ನ ಮನ್ಯಾಗ ಉಳಿಯೋ ಗಂಡು ನಾನು."

ಬಸ್ಸು ಹೊರಟಿತು. ಚಿಕ್ಕಂದಿನಿಂದ ಬೆನ್ನು ತಿರುಗಿಸಿದಾಗಲೆಲ್ಲ ಅವನು ಬಿದ್ದನೇನೋ ಎಂದು ಹಿಂತಿರುಗಿ ನೋಡುವುದು ಅವಳ ರೂಢಿ. ಈಗಲೂ ಕಿಟಕಿಯಿಂದ ಕತ್ತು ಹೊರಹಾಕಿ ತಿರುವು ಬರುವ ತನಕ ನೋಡಿದಳು. ಅವನು ನಿಂತೇ ಇದ್ದ.